ಎರಡನೆಯ ಬ್ರೇಕು

ತಂಪು ಮೇಷ್ಟ್ರಿಗೆ ಸಿಟ್ಟು ಬಂದದ್ದನ್ನಾಗಲಿ, ಅವರು ಗಾಬರಿ ಬಿದ್ದದ್ದನ್ನಾಗಲಿ ಕಂಡವರು ಅವರ ಬೀದಿಯಲ್ಲಿ ಯಾರೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿರುವ ಮನುಷ್ಯ. ಅವರ ಪಕ್ಕದಲ್ಲಿ ಕೂತವರು ಲೈಟು ಕಂಬಕ್ಕೆ ಗುದ್ದಿದ್ದಾರೆ, ಬಸ್ಸಿನ ಹಿಂಬದಿಗೆ ಮುತ್ತಿಟ್ಟಿದ್ದಾರೆ, ನಡುರಸ್ತೆಯಲ್ಲಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ಮೇಷ್ಟ್ರು ಮಾತ್ರ, "ಪರವಾಗಿಲ್ಲ ಬಿಡಿ. ಕಣ್ಣು ದೂರ ಇರ್ಲಿ, ಬಾನೆಟ್ ನೋಡ್ಬೇಡಿ" ಎಂದಿದ್ದಾರೆ, ಅಷ್ಟೇ. ಹೆತ್ತವರು ಇಟ್ಟ ಹೆಸರು ಶಾಲೆಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿದ್ದರೂ ಜನ ಕರೆಯುವುದು ತಂಪು ಮೇಷ್ಟ್ರು ಎಂದೇ. ಆ ಹೆಸರನ್ನು ಅವರು ಒಳಗೊಳಗೇ ಬಹಳ ಮುದ್ದಿನಿಂದ ಸಾಕಿಕೊಂಡಿದ್ದರು. ಈಗ ಯಾರಾದರೂ ಹಾಗೆ ಕರೆದರೆ ಕಪಾಳಕ್ಕೆ ಹೊಡೆದ ಹಾಗಾಗುತ್ತದೆ.

ಮೊದಲು ಅವರ ಕಾರಿನ ವಿಷಯ ಹೇಳಬೇಕು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ. ಮೇಷ್ಟ್ರು ತಮ್ಮದನ್ನು ಒತ್ತಿದರೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪೀಂ ಎಂದು ಸದ್ದು ಬರಬೇಕು. ಕಾರು ನಿಲ್ಲಿಸಿದ್ದು ನೀನಲ್ಲ, ಪಕ್ಕದವರು ಎಂದು ಕಲಿಯುವವರಿಗೆ ಗೊತ್ತಾಗಲಿ ಎಂದು ಆ ಏರ್ಪಾಡು. ಕಾರು ಕೊಂಡ ಮೂರನೆಯ ತಿಂಗಳಲ್ಲಿ, ಒಂದೊಂದು ಪೀಂಗೂ ಕಣ್ಣೀರು ಹಾಕುತ್ತಿದ್ದ ಬ್ಯಾಂಕಿನ ಗುಮಾಸ್ತೆಯೊಬ್ಬಳನ್ನು ನೋಡಲಾರದೆ ಮೇಷ್ಟ್ರು ಆ ವೈರನ್ನು ಕತ್ತರಿಸಿ ಒಗೆದರು. ಆಮೇಲೆ ಅವರದೇ ಒಂದು ಪದ್ಧತಿ ಹುಟ್ಟಿತು. ಅಪಾಯ ಕಂಡರೆ ಕಾಲಿನ ಹೆಬ್ಬೆರಳಿನಿಂದ ಮೆತ್ತಗೆ ಒತ್ತುವುದು, ಕಾರು ನಿಂತ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯ ಹೊರಗೆ ನೋಡುತ್ತ, "ಭೇಷ್, ಸರಿಯಾದ ಹೊತ್ತಿಗೆ ನಿಲ್ಲಿಸಿದ್ರಿ" ಎನ್ನುವುದು. ಕಲಿಯುವವರು ಉಬ್ಬಿ ಹೋಗುತ್ತಿದ್ದರು. ಹದಿನೈದು ದಿನ ಕಳೆಯುವಷ್ಟರಲ್ಲಿ ನಿಜವಾಗಿಯೂ ತಾವೇ ನಿಲ್ಲಿಸತೊಡಗುತ್ತಿದ್ದರು. ಸುಳ್ಳು ಹೌದು, ಆದರೆ ಯಾರಿಗೂ ಕೇಡು ಮಾಡದ ಸುಳ್ಳು ಎಂದು ಮೇಷ್ಟ್ರು ನಂಬಿದ್ದರು.

ಇನ್ನು ಅಕ್ಕ. ಮೇಷ್ಟ್ರಿಗಿಂತ ಏಳು ವರ್ಷ ದೊಡ್ಡವಳು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತೇಳು ವರ್ಷ ಹಾಸಿಗೆ ಬಟ್ಟೆ ಒಗೆದವಳು. ಮೇಷ್ಟ್ರು ಡ್ರೈವಿಂಗ್ ಕಲಿತದ್ದೇ ಅವಳ ಮೊದಲ ಸಂಬಳದಲ್ಲಿ. ಹತ್ತನೆಯ ತರಗತಿಯಲ್ಲಿ ಮುಗ್ಗರಿಸಿ ಮೂಲೆ ಹಿಡಿದಿದ್ದ ತಮ್ಮನನ್ನು, ವಯಸ್ಸು ತುಂಬಿದ ವಾರವೇ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ ಫೀಸು ಕಟ್ಟಿ ಬಂದಿದ್ದಳು. ಅದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ. ಮೂರು ವರ್ಷದ ಹಿಂದೆ ಆಸ್ಪತ್ರೆಯವರು ಲಾಂಡ್ರಿ ಮುಚ್ಚಿ, ಹೊರಗಿನವರಿಗೆ ಕೆಲಸ ಒಪ್ಪಿಸಿ, ಅವಳ ಕೈಗೆ ಒಂದೇ ಗಂಟಿನಲ್ಲಿ ಆರು ಲಕ್ಷ ಕೊಟ್ಟು ಕಳಿಸಿದರು. ಅಷ್ಟು ದುಡ್ಡನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೇಷ್ಟ್ರಿಗೆ ಆಗಷ್ಟೇ ಶೇರಿನ ಹುಚ್ಚು ಹತ್ತಿತ್ತು. ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಕಾರಿನಲ್ಲಿ ಕೂತು ಫೋನಿನಲ್ಲಿ ಪಂಡಿತರ ಮಾತು ಕೇಳುತ್ತಿದ್ದರು. ಕೇಳಿ ಕೇಳಿ ತಾವೂ ಅರ್ಧ ಪಂಡಿತರಾಗಿದ್ದರು.

"ಎರಡು ಕಂಪನಿ ಸಾಕು ಅಕ್ಕ," ಎಂದರು. "ಒಂದು ಕಂಪ್ಯೂಟರಿಗೆ ಚಿಪ್ ಮಾಡೋದು, ಇನ್ನೊಂದು ಕಂಪ್ಯೂಟರಿಗೆ ಬುದ್ಧಿ ಕಲಿಸೋದು. ಮುಂದಿನ ಕಾಲ ಎಲ್ಲಾ ಅದೇ."

"ಬುದ್ಧಿ ಕಲಿಸೋಕೆ ಕಂಪನಿ ಬೇರೆ ಬೇಕಾ? ನಿನಗೆ ನಾನು ಪುಕ್ಕಟೆ ಕಲಿಸಿದ್ನಲ್ಲೋ."

"ತಮಾಷೆ ಅಲ್ಲ. ಸಿಕ್ಕಾಪಟ್ಟೆ ಅಲ್ಲಾಡುತ್ತೆ, ಈಗ್ಲೇ ಹೇಳಿರ್ತೀನಿ. ಇವತ್ತು ನೂರಕ್ಕೆ ಹತ್ತು ಮೇಲೆ ಹೋದ್ರೆ ನಾಳೆ ಹದಿನೈದು ಕೆಳಗೆ ಬರುತ್ತೆ. ದಿನಾ ನೋಡಿದ್ರೆ ಎದೆ ಒಡೆದು ಹೋಗುತ್ತೆ. ಅದಕ್ಕೇ ನೋಡ್ಬಾರ್ದು. ಐದು ವರ್ಷ ಮುಟ್ಬಾರ್ದು. ತಣ್ಣಗಿರೋನಿಗೇ ಅಲ್ಲಿ ದುಡ್ಡು."

ಅಕ್ಕ ಸ್ವಲ್ಪ ಹೊತ್ತು ಸೆರಗಿನ ತುದಿ ಮಡಿಸಿ ಬಿಚ್ಚಿದಳು. "ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಕುಕ್ಕರ್ ಕೂಗಿದ್ರೂ ಬೆಚ್ಚಿ ಬೀಳೋಳು ನಾನು. ಒಂದು ಮಾತು ಕೊಡು. ಮುಂದೆ ಯಾವತ್ತಾದ್ರೂ ನಾನು ಹೆದರ್ಕೊಂಡು, ಅತ್ತು, ಮಾರಿಬಿಡು ಅಂತ ಕಾಲಿಗೆ ಬಿದ್ರೂ ನೀನು ಮಾರ್ಬಾರ್ದು. ನಾನು ಎಡವಿದ್ರೂ ನೀನು ಹಿಡ್ಕೋಬೇಕು."

ಮೇಷ್ಟ್ರು ಮಾತು ಕೊಟ್ಟರು. ಖಾತೆ ಅಕ್ಕನ ಹೆಸರಿನಲ್ಲಿ, ಅದನ್ನು ನೋಡುವ ಆ್ಯಪು, ಗುಟ್ಟಿನ ಅಂಕಿ ಎಲ್ಲ ಮೇಷ್ಟ್ರ ಫೋನಿನಲ್ಲಿ. ಅಕ್ಕ ಕಾಗದದ ಮೇಲೆ ರುಜು ಹಾಕಿ ಕೈ ತೊಳೆದುಕೊಂಡಳು.

ಮೊದಲ ವರ್ಷ ಆರು ಎಂಟಾಯಿತು. ಆಗ ಎಲ್ಲರೂ ತಣ್ಣಗೇ ಇದ್ದರು. ಏರುವಾಗ ತಣ್ಣಗಿರುವುದು ಏನು ಮಹಾ. ಎರಡನೆಯ ವರ್ಷ, ಒಂದೇ ವಾರದಲ್ಲಿ, ಎಲ್ಲ ಕುಸಿಯಿತು. ಎಲ್ಲೋ ದೂರದಲ್ಲಿ ಯಾರೋ ಅಗ್ಗದ ಚಿಪ್ ಮಾಡಿದರಂತೆ, ಇನ್ನೆಲ್ಲೋ ತೆರಿಗೆ ಹಾಕಿದರಂತೆ. ನೋಡಬಾರದು ಎಂದು ಊರಿಗೆಲ್ಲ ಉಪದೇಶ ಮಾಡಿದ ಮನುಷ್ಯ ಸಿಗ್ನಲ್ಲಿನಲ್ಲಿ ನೋಡಿದರು, ಕಕ್ಕಸಿನಲ್ಲಿ ಕೂತು ನೋಡಿದರು, ಕಲಿಯುವವರು ರಿವರ್ಸ್ ತೆಗೆಯಲು ಹೆಣಗುತ್ತಿದ್ದಾಗ ತೊಡೆಯ ಮೇಲೆ ಫೋನಿಟ್ಟುಕೊಂಡು ಕಳ್ಳಗಣ್ಣಿನಲ್ಲಿ ನೋಡಿದರು. ಎಂಟು ಆರಾಯಿತು, ಆರು ನಾಲ್ಕೂವರೆಯಾಯಿತು. ಊಟ ಸೇರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಹಲ್ಲುನೋವು ಎಂದರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನು ಬಂತು. ಮೇಷ್ಟ್ರು ಮೈದಾನದ ಗೋಡೆಯ ನೆರಳಲ್ಲಿ ಕಾರು ನಿಲ್ಲಿಸಿಕೊಂಡಿದ್ದರು. ಮುಂದಿನ ಪಾಠಕ್ಕೆ ಬರಬೇಕಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇನ್ನೂ ಬಂದಿರಲಿಲ್ಲ.

"ಗಂಜಿಯಮ್ಮ ಹೇಳಿದ್ಲು ಕಣೋ, ಎಲ್ಲಾ ಮುಳುಗಿಹೋಯ್ತಂತೆ," ಎಂದಳು ಅಕ್ಕ. ಗಂಜಿಯಮ್ಮ ಎಂದರೆ ಲಾಂಡ್ರಿಯಲ್ಲಿ ಡಾಕ್ಟರುಗಳ ಕೋಟುಗಳಿಗೆ ಗಂಜಿ ಹಾಕುತ್ತಿದ್ದ ಅವಳ ಗೆಳತಿ. ಅಕ್ಕನನ್ನು ನೋಡಿ ಅವಳೂ ಒಂದೂವರೆ ಲಕ್ಷ ಅದೇ ಎರಡು ಕಂಪನಿಗೆ ಹಾಕಿದ್ದಳು. "ನನ್ನ ಕೈಕಾಲು ಆಡ್ತಿಲ್ಲ. ಇರೋದನ್ನಾದ್ರೂ ಉಳಿಸ್ಕೊಂಡು ಮಾರಿಬಿಡೋಣ್ವಾ?"

ಮೇಷ್ಟ್ರು ನಾಲ್ಕು ನಿಮಿಷ ಮಾತಾಡಿದರು. ಅವರ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿದವರಲ್ಲ. "ಅಕ್ಕ, ಬಾನೆಟ್ ನೋಡ್ಬೇಡ, ದೂರ ನೋಡು. ಹಳ್ಳ ಬಂದ್ರೆ ಸ್ಟಿಯರಿಂಗ್ ಬಿಟ್ಟುಬಿಡ್ತಾರಾ ಯಾರಾದ್ರೂ? ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೋಬೇಕು, ದಾಟಿ ಹೋಗುತ್ತೆ. ಹೆದರಿ ಮಾರೋರು ಕಳ್ಕೋತಾರೆ. ನಾವು ಅವ್ರ ಪೈಕಿ ಅಲ್ಲ." ಒಂದು ಅಕ್ಷರವೂ ನಡುಗಲಿಲ್ಲ. ಆ ಕಡೆ ಅಕ್ಕನ ಉಸಿರು ನಿಧಾನವಾಗುತ್ತ ಬಂದದ್ದು ಕೇಳಿಸಿತು. "ಸರಿ ಬಿಡು. ನೀನಿದ್ದೀಯಲ್ಲ, ಇನ್ನೇನು," ಎಂದು ಇಟ್ಟಳು.

ಫೋನು ಇಟ್ಟ ಮೇಲೆ ಮೇಷ್ಟ್ರಿಗೆ ಹೆದರಿಕೆ ಹತ್ತಿತು. ಅಷ್ಟು ಹೊತ್ತು ಅದು ಎಲ್ಲಿ ಅಡಗಿತ್ತೋ. ಆ್ಯಪು ತೆರೆದರು. ಕೆಂಪು ಅಂಕಿ. ಮೂರು ಲಕ್ಷ ನಲವತ್ತು ಸಾವಿರ. ಕಣ್ಣೆದುರಿಗೇ ಮೂರೂ ಮೂವತ್ತೆರಡು. ಇದು ಅಕ್ಕನ ಇಪ್ಪತ್ತೇಳು ವರ್ಷ, ಸೊನ್ನೆಯಾದರೆ ಯಾವ ಮುಖ ಹೊತ್ತುಕೊಂಡು ಅವಳ ಬಾಗಿಲಿಗೆ ಹೋಗಲಿ ಎಂದು ಎದೆ ಧಸಕ್ಕೆಂದಿತು. ಬಾನೆಟ್ಟು, ಹಳ್ಳ, ಸ್ಟಿಯರಿಂಗು ಎಲ್ಲ ಗಾಳಿಗೆ ಹೋಯಿತು. ಹೆಬ್ಬೆರಳು ಎರಡು ಸಲ ಒತ್ತಿತು. ಒಂದು ಕಂಪನಿಗೆ ಒಂದು ಸಲ, ಇನ್ನೊಂದಕ್ಕೆ ಇನ್ನೊಂದು ಸಲ. ಮೂರೂಕಾಲು ಲಕ್ಷಕ್ಕೆ ಎಲ್ಲವೂ ಮಾರಿಹೋಯಿತು. ಅಕ್ಕನಿಗೆ ಧೈರ್ಯ ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ.

ಡ್ರಾಯಿಂಗ್ ಮೇಷ್ಟ್ರು ಬಂದರು. ಅವತ್ತು ಅವರಿಗೆ ರಿವರ್ಸ್ ಪಾಠ. ನಮ್ಮ ಮೇಷ್ಟ್ರು ಎಷ್ಟು ತಾಳ್ಮೆಯಿಂದ ಕಲಿಸಿದರೆಂದರೆ, ಇಳಿಯುವಾಗ ಆ ಹಿರಿಯರು ಕೈ ಹಿಡಿದುಕೊಂಡು, "ನಿಮ್ಮ ಪಕ್ಕ ಕೂತ್ರೇನೇ ಮನಸ್ಸಿಗೆ ಸಮಾಧಾನ ನೋಡಿ" ಎಂದರು. ಅವತ್ತು ಮೇಷ್ಟ್ರು ಹೊಟ್ಟೆ ತುಂಬ ಉಂಡರು. ಅದನ್ನು ನೆನೆದರೆ ಅವರಿಗೆ ಈಗಲೂ ನಾಚಿಕೆ.

ಇನ್ನೂ ಬೀಳಲಿ, ಅಗ್ಗಕ್ಕೆ ವಾಪಸು ಕೊಂಡು ಅಕ್ಕನಿಗೆ ಗೊತ್ತೇ ಆಗದ ಹಾಗೆ ಸರಿಮಾಡಿಬಿಡೋಣ ಎಂದುಕೊಂಡಿದ್ದರು. ಸೋಮವಾರ ಇನ್ನಷ್ಟು ಬಿತ್ತು. ತಮ್ಮ ಬುದ್ಧಿಗೆ ತಾವೇ ಬೆನ್ನು ತಟ್ಟಿಕೊಂಡರು. ಬುಧವಾರ ಏರಿತು, ಇದು ಸುಳ್ಳು ಏರಿಕೆ ಎಂದರು. ಮುಂದಿನ ವಾರ ಮತ್ತೆ ಏರಿತು. ನಾಳೆ ಇಳಿಯುತ್ತೆ, ನಾಡಿದ್ದು ಇಳಿಯುತ್ತೆ ಎಂದು ಕಾದರು. ಮಾರಿರದಿದ್ದರೆ ಎಂಬ ಲೆಕ್ಕದಲ್ಲಿ ನಾಲ್ಕು ದಾಟಿತು, ಆರು ದಾಟಿತು, ವರ್ಷ ತಿರುಗುವಷ್ಟರಲ್ಲಿ ಎಂಟನ್ನೂ ದಾಟಿ ಹನ್ನೊಂದರ ಹತ್ತಿರ ಬಂದು ನಿಂತಿತು. ಅಕ್ಕನ ಖಾತೆಯಲ್ಲಿ ಮಾತ್ರ ಮೂರೂಕಾಲು ಲಕ್ಷ ಅಲ್ಲಾಡದೆ, ಏರದೆ, ಇಳಿಯದೆ ಕೂತಿತ್ತು. ಈಗ ನೋಡಿದರೆ ಎದೆ ಒಡೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ, ಆದರೂ ಮೇಷ್ಟ್ರಿಗೆ ಆ ಆ್ಯಪು ತೆರೆಯುವ ಧೈರ್ಯವಿರಲಿಲ್ಲ.

ಅದೂ ಸಾಲದೆಂಬಂತೆ ಗಂಜಿಯಮ್ಮ ಒಂದು ದಿನ ಶಾಲೆಗೇ ಬಂದಳು. ಆ ಗುರುವಾರ ಅಕ್ಕ ತಮ್ಮನ ಉಪದೇಶವನ್ನು ಒಂದಕ್ಷರ ಬಿಡದೆ ಅವಳಿಗೆ ಒಪ್ಪಿಸಿದ್ದಳಂತೆ. ಅವಳು ಮಾರಲಿಲ್ಲ. ಅವಳ ಒಂದೂವರೆ ಈಗ ಹತ್ತಿರ ಹತ್ತಿರ ಮೂರು ಆಗಿತ್ತು. ಕಾಗದ ಸುತ್ತಿದ ಗೋಡೆ ಗಡಿಯಾರವೊಂದನ್ನು ಮೇಜಿನ ಮೇಲಿಟ್ಟು, "ನಿಮ್ಮ ಮಾತಿನಿಂದ ನಾನು ಉಳ್ಕೊಂಡೆ ತಂಪು ಮೇಷ್ಟ್ರೇ. ಇಲ್ದಿದ್ರೆ ಹೆದರಿ ಮಾರ್ಕೊಂಡು ಕೂತಿರ್ತಿದ್ದೆ, ಹೇಡಿ ಥರ" ಎಂದಳು. ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅದನ್ನು ಅವಳು ವಿನಯ ಎಂದುಕೊಂಡಳು. ಗಡಿಯಾರವನ್ನು ತಾನೇ ನಿಂತು ಗೋಡೆಗೆ ಹಾಕಿಸಿ ಹೋದಳು. ಮರುದಿನ ಮೇಷ್ಟ್ರು ಅದಕ್ಕೆ ಬೆನ್ನು ಬರುವಂತೆ ಕುರ್ಚಿ ತಿರುಗಿಸಿಕೊಂಡರು.

ಹೇಳಿಬಿಡಬೇಕು ಎಂದು ಅಕ್ಕನ ಮನೆಗೆ ಐದು ಸಲ ಹೋಗಿದ್ದರು. ಐದು ಸಲವೂ ಚಹಾ ಕುಡಿದು ಬಂದಿದ್ದರು. "ಹೆಂಗಿದೆಯೋ ನಮ್ಮದು?" ಎಂದು ಅವಳು ಕೇಳಿದರೆ, "ನೋಡ್ಬಾರ್ದು ಅಂದಿದ್ನಲ್ಲ" ಎನ್ನುತ್ತಿದ್ದರು. ಅವಳು ನಾಲಿಗೆ ಕಚ್ಚಿಕೊಂಡು, "ಹೌದು ಹೌದು, ಮರೆತೆ" ಎನ್ನುತ್ತಿದ್ದಳು. ಅವಳು ಹಾಗೆ ತಪ್ಪಿತಸ್ಥಳಂತೆ ನಾಲಿಗೆ ಕಚ್ಚಿಕೊಳ್ಳುವುದನ್ನು ನೋಡಿದಾಗಲೆಲ್ಲ ಮೇಷ್ಟ್ರಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು.

ಹೀಗಿರುವಾಗ ಅಕ್ಕನೇ ಒಂದು ದಿನ ಹೊಸ ಸುದ್ದಿ ತಂದಳು. ಹಳೆಯ ಲಾಂಡ್ರಿಯ ಐದು ಹೆಂಗಸರು ಸೇರಿ ಬಟ್ಟೆ ಒಗೆಯುವ ಕೆಲಸ ಶುರು ಮಾಡುವುದಂತೆ. ಎರಡು ಲಾಡ್ಜು, ಒಂದು ನರ್ಸಿಂಗ್ ಹೋಮು ಒಪ್ಪಿವೆಯಂತೆ. ಒಂದು ವ್ಯಾನು ಬೇಕು, ಅದಕ್ಕೆ ಒಂಬತ್ತು ಲಕ್ಷ. ಮುಂದಿನ ತಿಂಗಳ ಕೊನೆಯೊಳಗೆ ವ್ಯಾನು ತಂದು ತೋರಿಸದಿದ್ದರೆ ನರ್ಸಿಂಗ್ ಹೋಮಿನವರು ಬೇರೆಯವರಿಗೆ ಕೊಡುತ್ತಾರೆ.

"ಐದು ವರ್ಷ ಅಂದಿದ್ದೆ ನೀನು, ಆದ್ರೆ ಮೂರಕ್ಕೇ ಸಾಕು ಕಣೋ. ಹನ್ನೊಂದು ಆಗಿದ್ಯಂತಲ್ಲ, ಗಂಜಿಯಮ್ಮ ಲೆಕ್ಕ ಹಾಕಿ ಹೇಳಿದ್ಲು," ಎಂದಳು. "ಡ್ರೈವರ್ ಇಟ್ಕೊಂಡ್ರೆ ಕಟ್ಟೋಲ್ಲ. ನಾನೇ ಓಡಿಸ್ತೀನಿ. ನಗ್ಬೇಡ. ಲೈಸೆನ್ಸ್ ಕೈಗೆ ಬಂದ ದಿನ ಶೇರು ಮಾರಿ ವ್ಯಾನ್ ತರೋಣ."

ಮೇಷ್ಟ್ರು ನಗಲಿಲ್ಲ. "ಐವತ್ತೈದಕ್ಕೆ ಕಷ್ಟ ಅಕ್ಕ" ಎಂದಷ್ಟೇ ಹೇಳಿದರು. ಕಷ್ಟವಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಆದರೆ ಅಕ್ಕನಿಗೆ ಕಷ್ಟವೇ ಆಗಲಿಲ್ಲ. ಕುಕ್ಕರಿಗೆ ಬೆಚ್ಚುವ ಹೆಂಗಸು ಸ್ಟಿಯರಿಂಗ್ ಹಿಡಿದರೆ ಬೇರೆಯೇ ಆಗುತ್ತಿದ್ದಳು. ಮೂರೇ ವಾರದಲ್ಲಿ ಗೇರು, ಕನ್ನಡಿ, ತಿರುವು, ರಿವರ್ಸ್ ಎಲ್ಲ ಕೈಗೆ ಹತ್ತಿತು. ಒಗೆಯುವ ಯಂತ್ರಗಳ ಸದ್ದು ಕೇಳಿಯೇ ಅದಕ್ಕೇನು ಬೇಕು ಎಂದು ಹೇಳುತ್ತಿದ್ದವಳಿಗೆ ಎಂಜಿನ್ನಿನ ಮಾತೂ ತಿಳಿಯಿತು. ಉಳಿದದ್ದು ಏರು. ನೀರಿನ ಟ್ಯಾಂಕಿನ ಹಿಂದಿನ ಏರಿನಲ್ಲಿ ನಿಲ್ಲಿಸಿದ ಕಾರನ್ನು ಹಿಂದಕ್ಕೆ ಜಾರಿಸದೆ ಮೇಲಕ್ಕೆ ಹೊರಡಿಸಬೇಕು. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಜನ ಬೀಳುವುದು ಅಲ್ಲೇ.

ಮೊದಲ ಸಲ ಅಕ್ಕ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಟ್ಟಳು, ಕ್ಲಚ್ಚನ್ನು ಎಷ್ಟು ಬೇಕೋ ಅಷ್ಟೇ ಬಿಟ್ಟಳು. ಕಾರು ಹೊರಟೇಬಿಟ್ಟಿತ್ತು. ಆಗ ಮೇಷ್ಟ್ರ ಹೆಬ್ಬೆರಳು ಒತ್ತಿತು. ಅದು ತಾನಾಗಿ ಹೋಯಿತು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಎಂಜಿನ್ನು ಕೆಮ್ಮಿ ನಿಂತಿತು.

"ಏನಾಯ್ತೋ?"

"ಕ್ಲಚ್ ಬೇಗ ಬಿಟ್ಟೆ ಅಕ್ಕ."

ಎರಡನೆಯ ಸಲ ಅವರು ಬೇಕೆಂದೇ ಒತ್ತಿದರು. ಮೂರನೆಯ ಸಲ ಒತ್ತುವಾಗ ಕಿಟಕಿಯ ಹೊರಗೆ ನೋಡಿದರು. ದಿನ ಬಿಟ್ಟು ದಿನ ಏರಿಗೆ ಕರೆದುಕೊಂಡು ಹೋದರು. ಒಂದೊಂದು ಸಲ ಹತ್ತಲು ಬಿಟ್ಟರು, ಒಂದೊಂದು ಸಲ ನಿಲ್ಲಿಸಿದರು. "ಇನ್ನೂ ನಂಬಿಕೆ ಇಡೋ ಹಾಗಿಲ್ಲ, ಇನ್ನೊಂದು ವಾರ ನೋಡೋಣ" ಎಂದು ಪರೀಕ್ಷೆಯ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದರು. ಜನಕ್ಕೆ ಧೈರ್ಯ ತುಂಬಲೆಂದು ಕತ್ತರಿಸಿದ ವೈರು ಈಗ ಬೇರೆ ಕೆಲಸಕ್ಕೆ ಬರುತ್ತಿತ್ತು. ಅದು ಗೊತ್ತಿದ್ದೇ ಒತ್ತುತ್ತಿದ್ದರು. ಮನೆಗೆ ಬಂದು ಕಾಲು ತೊಳೆಯುವಾಗ ಆ ಹೆಬ್ಬೆರಳನ್ನು ನೋಡಲು ಹೇಸಿಗೆಯಾಗುತ್ತಿತ್ತು. ಆದರೂ ಮಾರನೆಯ ಪಾಠದಲ್ಲಿ ಅದೇ ಹೆಬ್ಬೆರಳು ಅದೇ ಕೆಲಸ ಮಾಡುತ್ತಿತ್ತು.

"ಈ ಎಡಗಾಲೇ ಸರಿಯಿಲ್ಲ ಕಣೋ," ಎಂದಳು ಒಂದು ದಿನ ಅಕ್ಕ, ಮೊಣಕಾಲು ಉಜ್ಜಿಕೊಳ್ಳುತ್ತ. "ಇಪ್ಪತ್ತೇಳು ವರ್ಷ ನೀರಲ್ಲಿ ನಿಂತ ಕಾಲು. ಇದಕ್ಕೆ ಕ್ಲಚ್ ತಿಳಿಯೋಲ್ಲ." ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು.

ತಿಂಗಳ ಕೊನೆಗೆ ಇನ್ನು ಹದಿನಾರು ದಿನ. ಕಾರನ್ನು ವರ್ಷದ ತಪಾಸಣೆಗೆ ತೋರಿಸಬೇಕಿತ್ತು. ಈ ಸಲದ ಹೊಸ ಮೆಕ್ಯಾನಿಕ್ಕು ಬೆಳಿಗ್ಗೆ ಕಾರು ತಂದು ನಿಲ್ಲಿಸಿ ಬೀಗದ ಕೈ ಕೊಡುತ್ತ, "ಎಲ್ಲಾ ಪಾಸ್ ಮೇಷ್ಟ್ರೇ. ಒಳಗೆ ಒಂದು ವೈರ್ ತುಂಡಾಗಿತ್ತು, ಇಲಿ ಕಡಿದಿರ್ಬೇಕು. ಜೋಡಿಸಿದೀನಿ" ಎಂದ. ಮೇಷ್ಟ್ರು ಇವತ್ತು ಅಕ್ಕನಿಗೆ ಯಾವ ನೆಪ ಹೇಳಲಿ ಎಂಬ ಯೋಚನೆಯಲ್ಲಿದ್ದರು. ಹೂಂ ಎಂದು ದುಡ್ಡು ಕೊಟ್ಟು ಕಳಿಸಿದರು.

ಮೊದಲ ಪಾಠ ಅಕ್ಕನದೇ. ನೇರ ಏರಿಗೆ ಹೋದರು. ಅಕ್ಕ ಕಾರನ್ನು ನಡು ಏರಿನಲ್ಲಿ ನಿಲ್ಲಿಸಿ, ಉಸಿರು ಎಳೆದುಕೊಂಡು, ಮೆಲ್ಲಗೆ ಹೊರಡಿಸಿದಳು. ಮೇಷ್ಟ್ರು ಒತ್ತಿದರು.

ಪೀಂ.

ಅದೂ ಸಣ್ಣಗಲ್ಲ, ಹನ್ನೆರಡು ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ಸದ್ದು. ಎಂಜಿನ್ನು ನಿಂತಿತು. ಮೇಷ್ಟ್ರು ಬೆಂಕಿ ಮುಟ್ಟಿದವರ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡರು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಅಕ್ಕ ತನ್ನ ಬ್ರೇಕು ಒತ್ತಿ ಹಿಡಿದಳು.

"ಏನೋ ಅದು?"

"ಹಳೇ ಕಾರು. ಏನೋ ಕೂಗುತ್ತೆ," ಎಂದರು ಮೇಷ್ಟ್ರು.

ಅಕ್ಕ ಮತ್ತೆ ಶುರು ಮಾಡಿದಳು. ಈ ಸಲ ಮೇಷ್ಟ್ರ ಕಾಲು ಸೀಟಿನ ಅಡಿಗೆ ಅವಿತುಕೊಂಡಿತ್ತು. ಕಾರು ಒಂದಿಷ್ಟೂ ಜಾರದೆ, ಕುಲುಕದೆ, ನೀಟಾಗಿ ಮೇಲಕ್ಕೆ ಹತ್ತಿತು. ತುದಿ ಮುಟ್ಟಿದ ಮೇಲೆ ಅಕ್ಕ ನಕ್ಕಳು. ಚಿಕ್ಕಂದಿನಲ್ಲಿ ಗೋಡೆ ಹಾರಿ ಈ ಕಡೆ ಬಿದ್ದ ಮೇಲೆ ನಗುತ್ತಿದ್ದಂಥ ನಗು.

"ಎಣ್ಣೆ ಕೆಲಸ ಮಾಡ್ತು ಕಣೋ," ಎಂದಳು, ಕಣ್ಣು ರಸ್ತೆಯ ಮೇಲೇ ಇಟ್ಟುಕೊಂಡು. "ನಿನಗೆ ಹೇಳಿರ್ಲಿಲ್ಲ. ಮೂರು ವಾರದಿಂದ ದಿನಾ ಎರಡು ಹೊತ್ತು ಈ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದೀನಿ. ಒದ್ದೆ ದುಪ್ಪಟಿ ಸುರುಳಿ ಸುತ್ತಿ ನೆಲದ ಮೇಲಿಟ್ಟು, ಅದೇ ಕ್ಲಚ್ ಅಂತ ನೂರು ಸಲ ಒತ್ತೋದು, ನೂರು ಸಲ ಬಿಡೋದು. ಗಂಜಿಯಮ್ಮ ಕೂತು ಎಣಿಸ್ತಾಳೆ. ಇವತ್ತೂ ಆಗ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ನನ್ನ ಕೈಲಾಗಲ್ಲ ಅಂತ ಜೊತೆಯವ್ರಿಗೆ ಹೇಳಿಬಿಡೋಣ ಅಂತಿದ್ದೆ. ನಿನಗೂ ಎಷ್ಟು ಅಂತ ತೊಂದ್ರೆ."

ಮೇಷ್ಟ್ರಿಗೆ ಒದ್ದೆ ದುಪ್ಪಟಿ ಕಣ್ಣೆದುರು ಬಂತು. ಅಡುಗೆಮನೆಯ ನೆಲದ ಮೇಲೆ ಕೂತು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಏನೂ ಆಗಿರದ ಕಾಲಿಗೆ ಎಣ್ಣೆ ತಿಕ್ಕುತ್ತಿರುವ ಅಕ್ಕ ಬಂದಳು. ಮೂರೂಕಾಲು, ಹನ್ನೊಂದು ಎಲ್ಲ ಒಂದು ಕಡೆ. ಇದನ್ನು ಮಾತ್ರ ಅವರಿಗೆ ತಡೆದುಕೊಳ್ಳಲು ಆಗಲಿಲ್ಲ.

"ಎಣ್ಣೆ ಅಲ್ಲ ಅಕ್ಕ."

"ಮತ್ತೆ?"

"ಆಗ ಪೀಂ ಅಂದಿದ್ದು ನನ್ನ ಬ್ರೇಕು. ನಾನು ಒತ್ತಿದ್ರೆ ಹಾಗೆ ಕೂಗುತ್ತೆ."

ಅಕ್ಕ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋದಳು. "ಯಾಕೆ ಒತ್ತಿದೆ? ಹಿಂದಕ್ಕೆ ಹೋಗ್ತಿದ್ನಾ ನಾನು?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ತುದಿಗೆ ಬಂದೂ ಬಂದಿತ್ತು.

"ಇಲ್ಲ. ಮುಂದೆ ಹೋಗ್ತಿದ್ದೆ," ಎಂದರು ಮೇಷ್ಟ್ರು. ಆಮೇಲೆ ನಿಲ್ಲಲಿಲ್ಲ. ಗುರುವಾರ, ಗೋಡೆಯ ನೆರಳು, ಮೂರೂ ಮೂವತ್ತೆರಡು, ಹೆದರಿಕೆ, ಹೆಬ್ಬೆರಳು, ಎಲ್ಲ ಹೇಳಿದರು. ವಾಪಸು ಕೊಳ್ಳಲು ಕಾದದ್ದು ಹೇಳಿದರು. ಲೈಸೆನ್ಸು ಬಂದರೆ ದುಡ್ಡು ಕೇಳುತ್ತೀಯ ಎಂದು ಏರಿನಲ್ಲಿ ನಿಲ್ಲಿಸಿದ್ದು ಹೇಳಿದರು. ಅಳು ಬರುತ್ತಿತ್ತು, ಅಳಲು ತನಗೇನು ಹಕ್ಕಿದೆ ಎಂದು ನುಂಗಿಕೊಂಡರು.

ಅಕ್ಕ ಎಲ್ಲ ಮುಗಿಯುವವರೆಗೂ ಕಾರು ಓಡಿಸುತ್ತಲೇ ಇದ್ದಳು. ಮುಚ್ಚಿದ ಗೋದಾಮಿನ ಹತ್ತಿರ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಪಕ್ಕಕ್ಕೆ ತಂದಳು, ಕ್ಲಚ್ಚು, ಬ್ರೇಕು, ನ್ಯೂಟ್ರಲ್, ಹ್ಯಾಂಡ್‌ಬ್ರೇಕು, ಒಂದಾದ ಮೇಲೊಂದು, ತಮ್ಮ ಕಲಿಸಿದ ಹಾಗೇ. ಕೈ ಎರಡೂ ತೊಡೆಯ ಮೇಲಿಟ್ಟುಕೊಂಡಳು.

"ಎಷ್ಟು ಉಳಿದಿದೆ?"

"ಮೂರೂಕಾಲು."

"ಅವತ್ತು ನಾನು ಫೋನ್ ಮಾಡಿದ್ನಲ್ಲ. ಮಾರಿದ್ದು ಅದಕ್ಕೆ ಮುಂಚೆ ಅಲ್ವಾ?"

"ಅಲ್ಲ. ಆಮೇಲೆ."

"ನಾನು ಅವತ್ತು ನಿನ್ನ ಮಾತು ಕೇಳಿ ಎಷ್ಟು ನೆಮ್ಮದಿಯಾಗಿ ಮಲಗಿದ್ದೆ ಗೊತ್ತಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. "ಏರಲ್ಲಿ ಎಷ್ಟು ಸಲ?"

"ಒಂಬತ್ತು. ಇವತ್ತಿಂದು ಸೇರಿ ಹತ್ತು."

"ಎಣಿಸಿದೀಯ."

"ಹೂಂ."

"ದುಡ್ಡಿನ ವಿಷಯ ನನಗೆ ಅರ್ಥ ಆಗುತ್ತೆ ಕಣೋ," ಎಂದಳು ಅಕ್ಕ. "ಹೆದರಿದೆ. ನಾನೂ ಹೆದರಿದ್ದೆ. ಬಂದು ಹೆದರಿಬಿಟ್ಟೆ ಅಕ್ಕ ಅಂದಿದ್ರೆ ಇಬ್ಬರೂ ಕೂತು ಅತ್ತು ಸುಮ್ಮನಾಗ್ತಿದ್ವಿ. ಆದ್ರೆ ನನ್ನ ಕಾಲು ಸರಿಯಿಲ್ಲ ಅಂತ ನಾನೇ ನಂಬೋ ಹಾಗೆ ಮಾಡಿದ್ಯಲ್ಲ. ಅದಕ್ಕೆ ನಾನು ಏನನ್ಲಿ ನಿನಗೆ."

ಮೇಷ್ಟ್ರ ತಲೆ ಎದೆಗೆ ತಾಗಿತ್ತು.

"ಗಂಜಿಯಮ್ಮನಿಗೆ, ಉಳಿದ ಮೂವರಿಗೆ ನಾನು ಹೇಳೋಲ್ಲ. ಸಂಜೆ ನೀನೇ ಬಂದು ಹೇಳು. ಹೆದರಿ ಮಾರಿದೆ ಅಂತ ನಿನ್ನ ಬಾಯಿಂದ್ಲೇ ಹೇಳು. ಮೂರೂಕಾಲಕ್ಕೆ ಯಾವ ಹಳೇ ವ್ಯಾನ್ ಸಿಗುತ್ತೋ ಆಮೇಲೆ ನೋಡೋಣ." ಅವಳು ಸೀಟು ಸರಿ ಮಾಡಿಕೊಂಡಳು, ಕನ್ನಡಿ ನೋಡಿದಳು. ಕಾರು ಶುರು ಮಾಡುವ ಮುಂಚೆ ಮೇಷ್ಟ್ರ ಕಾಲ ಕಡೆ ನೋಡಿದಳು. "ಕಾಲು ಮೇಲೆ ಇಟ್ಕೋ."

"ಆಂ?"

"ಎರಡೂ ಕಾಲು ಸೀಟಿನ ಮೇಲೆ ಇಟ್ಕೊಂಡು ಕೂತ್ಕೋ. ನನಗೆ ಕಾಣೋ ಹಾಗೆ."

ನಲವತ್ತೆಂಟು ವರ್ಷದ ಮನುಷ್ಯ ಚಪ್ಪಲಿ ಕಳಚಿ ತನ್ನದೇ ಕಾರಿನ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೊಣಕಾಲು ಬಾಗಿಲಿಗೆ ತಾಗುತ್ತಿತ್ತು. ಅಕ್ಕ ಅಂಗಡಿ ಬೀದಿಯ ಮೇಲೇ ಹೊರಟಳು. ಬೇಕೆಂದೇ ಆ ದಾರಿ ಹಿಡಿದಳೋ, ಹತ್ತಿರವೆಂದು ಹಿಡಿದಳೋ, ಮೇಷ್ಟ್ರಿಗೆ ಕೇಳುವ ಬಾಯಿರಲಿಲ್ಲ. ಸೈಕಲ್ ಅಂಗಡಿಯವನು ಪಂಪು ಹಿಡಿದುಕೊಂಡು ನಿಂತು ನೋಡಿದ. ಬಸ್ಸಿನ ಕಿಟಕಿಯಿಂದ ಒಂದು ಮಗು ತಾಯಿಗೆ ತೋರಿಸಿತು. ಮೇಷ್ಟ್ರು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಾದಗಳ ಮೇಲೆ ಇಟ್ಟುಕೊಂಡರು.

ಸಿಗ್ನಲ್ಲಿನಲ್ಲಿ ಹಸಿರು ಬಂದಾಗ ಕಾರು ಒಮ್ಮೆ ಕುಲುಕಿ ನಿಂತುಹೋಯಿತು. ಹಿಂದಿನವರು ಹಾರನ್ ಬಾರಿಸಿದರು. ಮೇಷ್ಟ್ರ ಕಾಲು ತನ್ನಷ್ಟಕ್ಕೆ ಇಳಿಯಲು ಹೋಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಕ್ಕ ಅವಸರ ಮಾಡಲಿಲ್ಲ. ನ್ಯೂಟ್ರಲ್‌ಗೆ ತಂದು, ಮತ್ತೆ ಶುರು ಮಾಡಿ, ಹೊರಡಿಸಿದಳು.

"ಇದು ನನ್ನ ತಪ್ಪು," ಎಂದಳು. ಅದನ್ನು ಹೇಳುವಾಗ ಅವಳ ಮುಖದ ಮೇಲೆ ಸಮಾಧಾನವಿತ್ತು.

ಶಾಲೆಯ ಮುಂದೆ ಮುಂದಿನ ಪಾಠಗಳಿಗೆ ಕಾದವರು ನಾಲ್ಕು ಜನ ಬೆಂಚಿನ ಮೇಲೆ ಕೂತಿದ್ದರು. ಅವರ ಎದುರಿಗೇ ಅಕ್ಕ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೀಗದ ಕೈ ತಮ್ಮನ ಮಡಿಲಿಗೆ ಹಾಕಿದಳು. "ಪರೀಕ್ಷೆಗೆ ಇವತ್ತೇ ದಿನ ಹಾಕಿಸು. ನಾಳೆ ಏಳೂವರೆಗೆ ಬರ್ತೀನಿ, ಹೀಗೇ ಕೂತಿರು" ಎಂದು ಇಳಿದು, ಎಡಗಾಲನ್ನು ಒಂದು ಸಲ ನೆಲಕ್ಕೆ ಊರಿ ನೋಡಿ, ಬೀದಿಯ ಕೊನೆಯ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಬೆಂಚಿನಿಂದ ಎದ್ದು ಬಂದ ಹೊಸ ವಿದ್ಯಾರ್ಥಿನಿ ಕಿಟಕಿಯೊಳಗೆ ಬಗ್ಗಿದಳು. ಮೇಷ್ಟ್ರು ಇನ್ನೂ ಹಾಗೇ ಕೂತಿದ್ದರು.

"ಏನಾಯ್ತು ತಂಪು ಮೇಷ್ಟ್ರೇ, ಕಾಲಿಗೆ ಪೆಟ್ಟಾ?"

"ಪೆಟ್ಟಲ್ಲಮ್ಮ," ಎಂದರು ಮೇಷ್ಟ್ರು. "ಈ ಕಾಲೇ ಸರಿಯಿಲ್ಲ."